ಊರ ಕಲ್ಯಾಣಿ ಜೀರ್ಣೋದ್ಧಾರ: ಸ್ವಯಂಸೇವಕರ ತಂಡಕ್ಕೆ ಸಮಗ್ರ ಮಾರ್ಗದರ್ಶಿ

ಕಲ್ಯಾಣಿಯನ್ನು ತೊಟ್ಟಿ ಎಂದುಕೊಂಡು ದುರಸ್ತಿಗೆ ಇಳಿದರೆ ಅದು ಕೆಡುತ್ತದೆ. ತೊಟ್ಟಿಯಲ್ಲಿ ನೀರು ನಿಲ್ಲಬೇಕು, ಸೋರಬಾರದು. ಕಲ್ಯಾಣಿಯ ಸ್ವಭಾವವೇ ಬೇರೆ. ಸುತ್ತಲ ನೆಲ ಕುಡಿದ ಮಳೆನೀರು ಮೆಟ್ಟಿಲುಗಳ ಸಂದಿನಿಂದ ಜಿನುಗಿ ಒಳಗೆ ಬರುತ್ತದೆ, ತಳದ ಸೆಲೆಯಿಂದ ಮೇಲೇರುತ್ತದೆ, ಅಂತರ್ಜಲದ ಮಟ್ಟ ಇಳಿದಾಗ ಅದೇ ದಾರಿಯಲ್ಲಿ ಹಿಂದಕ್ಕೂ ಹೋಗುತ್ತದೆ. ಎಷ್ಟೋ ಊರುಗಳಲ್ಲಿ ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿರುವುದು ಇದಕ್ಕೇ. ಸಂದುಗಳಿಗೆ ಸಿಮೆಂಟು ತುಂಬಿ, ತಳಕ್ಕೆ ಕಾಂಕ್ರೀಟು ಹಾಕಿ, ಮೇಲೆ ಬಣ್ಣ ಬಳಿದ ಕಲ್ಯಾಣಿ ಫೋಟೊಗೆ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಸೆಲೆ ಮುಚ್ಚಿರುತ್ತದೆ, ಹೊರಬರಲಾಗದ ನೀರು ಗೋಡೆಯನ್ನು ಹಿಂದಿನಿಂದ ತಳ್ಳುತ್ತಿರುತ್ತದೆ. ಮುಂದಿನ ಪ್ರತಿ ಹಂತದಲ್ಲೂ ಇದೊಂದು ವಿಷಯ ನೆನಪಿರಲಿ: ನೀರಿನ ದಾರಿ ಎಲ್ಲೂ ಕಟ್ಟಬಾರದು.

ಮೊದಲು ಕಾಗದಪತ್ರ

ಪತ್ರ ವ್ಯವಹಾರ ದಸರಾ ಮುಗಿದ ಕೂಡಲೇ ಶುರುವಾಗಲಿ. ಕೆಲಸಕ್ಕೆ ಸಿಗುವ ಕಾಲ ಸಂಕ್ರಾಂತಿಯಿಂದ ಮೇ ಕೊನೆಯವರೆಗೆ ಮಾತ್ರ, ಅರ್ಜಿಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಜಾಗ ಯಾರದ್ದು ಎನ್ನುವುದು ಮೊದಲು ತಿಳಿಯಬೇಕು. ನಾಡಕಚೇರಿಯಲ್ಲಿ ಪಹಣಿ ತೆಗೆಸಿ, ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರ್ ನೋಡಿ. ದೇವಸ್ಥಾನದ ಆಸ್ತಿಯಾದರೆ ಮುಜರಾಯಿ ಇಲಾಖೆ, ಸರ್ಕಾರಿ ಜಾಗವಾದರೆ ತಹಶೀಲ್ದಾರ್ ಮತ್ತು ಗ್ರಾಮ ಪಂಚಾಯಿತಿ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾಗಿದ್ದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಸರ್ವೇಕ್ಷಣದ ಸ್ಮಾರಕ ಇದ್ದರೆ ಅದರಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿಯೂ ಅನುಮತಿ ಬೇಕು.

ಪಂಚಾಯಿತಿಯ ಠರಾವು ಕೈಯಲ್ಲಿರಲಿ. ಒತ್ತುವರಿ ಇದೆ ಎಂಬ ಅನುಮಾನವಿದ್ದರೆ ಗಡಿ ಗುರುತಿಸುವ ಹದ್ದುಬಸ್ತು ಸರ್ವೆ ಮಾಡಿಸದೆ ಗುದ್ದಲಿ ಮುಟ್ಟಬೇಡಿ. ಅರ್ಧ ಕೆಲಸದಲ್ಲಿ ತಡೆಯಾಜ್ಞೆ ಬಂದರೆ ಬಿಚ್ಚಿಟ್ಟ ಕಲ್ಲುಗಳು ಒಂದು ಮಳೆಗಾಲವಿಡೀ ಹೊರಗೇ ಬಿದ್ದಿರುತ್ತವೆ.

ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ಮತ್ತು ಊರಿನ ಹೆಸರು ಹುಡುಕಿ. ಕೆರೆ, ಕಲ್ಯಾಣಿ ಕಟ್ಟಿಸಿದವರ ವಿಷಯ ಹೇಳುವ ಶಾಸನ ಅಲ್ಲಿ ಸಿಗಬಹುದು. ಸಿಕ್ಕರೆ ಊರಿನವರ ಮುಂದೆ ಓದಿ ಹೇಳಿ. ಕೆಲಸಕ್ಕೆ ಬರುವ ಕೈಗಳು ಹೆಚ್ಚುತ್ತವೆ.

ಅಳತೆ ಮತ್ತು ಲೆಕ್ಕ

ನಾಲ್ಕೂ ದಿಕ್ಕಿನ ಗೋಡೆಗಳನ್ನು ಎದುರಿನಿಂದ ನಿಂತು ಫೋಟೊ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಒಂದು ಅಳತೆಗೋಲು ಇರಲಿ. ಎಷ್ಟು ಸಾಲು, ಒಂದು ಸಾಲಿಗೆ ಎಷ್ಟು ಕಲ್ಲು, ಎಲ್ಲಿ ಗೋಡೆ ಹೊಟ್ಟೆ ಬಿಟ್ಟಿದೆ, ಎಲ್ಲಿ ಕುಸಿದಿದೆ ಎನ್ನುವುದನ್ನು ಚೌಕುಳಿ ಹಾಳೆಯಲ್ಲಿ ಬರೆದುಕೊಳ್ಳಿ. ಹೊಟ್ಟೆ ಬಿಟ್ಟ ಕಡೆ ತೂಗುಗುಂಡು ಇಳಿಬಿಟ್ಟು ಎಷ್ಟು ಇಂಚು ಮುಂದೆ ಬಂದಿದೆ ಎಂದು ದಿನಾಂಕದೊಂದಿಗೆ ಗುರುತು ಮಾಡಿ.

ಹೂಳಿನ ಆಳ ತಿಳಿಯಲು ಉದ್ದನೆಯ ಕಬ್ಬಿಣದ ಸರಳು ಸಾಕು. ಐದಾರು ಕಡೆ ಚುಚ್ಚಿ ನೋಡಿ ಸರಾಸರಿ ತೆಗೆಯಿರಿ. ಉದಾಹರಣೆಗೆ 50 ಅಡಿ ಉದ್ದ, 50 ಅಡಿ ಅಗಲ, 3 ಅಡಿ ಹೂಳು ಇದ್ದರೆ 7,500 ಘನ ಅಡಿ. ಅಗೆದ ಮಣ್ಣು ಸುಮಾರು ಕಾಲು ಭಾಗ ಉಬ್ಬುತ್ತದೆ, ಅಂದರೆ ಹೊರಗೆ ಹಾಕುವಾಗ 9,375 ಘನ ಅಡಿ. ಒಂದು ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ ಹಿಡಿದರೆ 94 ಲೋಡು. 10 ಲೀಟರ್ ಹಿಡಿಯುವ ಬಾಂಡ್ಲಿಯಲ್ಲಿ ಸುಮಾರು 26,500 ಬಾಂಡ್ಲಿ. ಮೂವತ್ತು ಜನ ಸಾಲಾಗಿ ನಿಂತು ನಿಮಿಷಕ್ಕೆ ಎಂಟು ಬಾಂಡ್ಲಿ ದಾಟಿಸಿದರೂ 55 ಗಂಟೆ ಬೇಕು. ಭಾನುವಾರಕ್ಕೆ ಮೂರು ಗಂಟೆಯಂತೆ 19 ಭಾನುವಾರ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಇರುವುದು ಹದಿನೇಳೋ ಹದಿನೆಂಟೋ ಅಷ್ಟೇ. ಕಲ್ಲಿನ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ!

ಆದ್ದರಿಂದ ಇಷ್ಟು ಹೂಳಿಗೆ ಎರಡು ಸಾಲು ಜನ ಬೇಕು, ಅಥವಾ ದಡದ ಮೇಲಿನಿಂದ ಎತ್ತುವ ಯಂತ್ರ ಬೇಕು. ಈ ಲೆಕ್ಕವನ್ನು ಮೊದಲೇ ಊರಿನವರಿಗೆ ತೋರಿಸಿ. ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ ಎಂದು ಕರೆದರೆ ಮೂರನೇ ವಾರಕ್ಕೆ ಆರು ಜನ ಉಳಿಯುತ್ತಾರೆ.

ಸುರಕ್ಷತೆ

ಗಮ್‌ಬೂಟು ಮತ್ತು ದಪ್ಪ ಕೈಗವಸು ಪ್ರತಿಯೊಬ್ಬರಿಗೂ ಬೇಕು. ಹೂಳಿನಲ್ಲಿ ಒಡೆದ ಗಾಜು ಇರುತ್ತದೆ, ಇಲಿಜ್ವರದ ಭಯವೂ ಇರುತ್ತದೆ. ಕೈಕಾಲಿನಲ್ಲಿ ಗಾಯ ಇದ್ದವರು ಒಳಗೆ ಇಳಿಯುವುದು ಬೇಡ. ಕಲ್ಲಿನ ಸಂದು ಹಾವಿನ ಮನೆ, ಹಾವು ಹಿಡಿಯುವವರ ಫೋನ್ ನಂಬರ್ ಇಟ್ಟುಕೊಳ್ಳಿ. ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದೂ ಮುಂಚೆಯೇ ವಿಚಾರಿಸಿಕೊಳ್ಳಿ.

ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಎಂದಿಗೂ ಕಲ್ಯಾಣಿಯೊಳಗೆ ಇಳಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಗ್ಗಿನಲ್ಲಿ ಅದು ತುಂಬಿಕೊಂಡದ್ದು ತಿಳಿಯುವುದರೊಳಗೆ ಜನ ಬಿದ್ದಿರುತ್ತಾರೆ. ನಡುವೆ ಬಾವಿ ಇದ್ದರೆ ಅನಿಲ ಪರೀಕ್ಷಕ ಇಲ್ಲದೆ ಯಾರೂ ಇಳಿಯಕೂಡದು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಸಾಲದು, ವಿಷಾನಿಲ ಇದ್ದರೂ ದೀಪ ಉರಿಯಬಹುದು. ಒಬ್ಬರು ಒಳಗೆ ಕುಸಿದರೆ ಕಾಪಾಡಲು ಇನ್ನೊಬ್ಬರು ಇಳಿಯಬೇಡಿ. 112ಕ್ಕೆ ಕರೆ ಮಾಡಿ. ವಿದ್ಯುತ್ ಮೋಟಾರಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಕಡ್ಡಾಯ.

ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತ ವಿಮೆ ಮಾಡಿಸಿಬಿಡಿ.

ನೀರು ಇಳಿಸುವುದು: ದಿನಕ್ಕೆ ಒಂದಡಿ

ಹೆಚ್ಚಿನ ಗೋಡೆಗಳು ಬೀಳುವುದು ಇದೇ ಹಂತದಲ್ಲಿ. ಒಳಗಿನ ನೀರು ಗೋಡೆಯನ್ನು ಮುಂದಿನಿಂದ ಒತ್ತಿ ಹಿಡಿದಿರುತ್ತದೆ, ಹಿಂದಿನ ಮಣ್ಣೂ ನೀರು ಕುಡಿದು ಭಾರವಾಗಿರುತ್ತದೆ. ಒಂದೇ ರಾತ್ರಿಯಲ್ಲಿ ಮುಂದಿನ ನೀರನ್ನು ಖಾಲಿ ಮಾಡಿದರೆ ಹಿಂದಿನ ಹಸಿ ಮಣ್ಣಿಗೆ ಎದುರೊತ್ತು ಇಲ್ಲದಂತಾಗಿ ಇಡೀ ಸಾಲು ಒಳಕ್ಕೆ ಜಾರುತ್ತದೆ.

50 ಅಡಿ ಚೌಕದ ಕಲ್ಯಾಣಿಯಲ್ಲಿ ಒಂದಡಿ ನೀರು ಎಂದರೆ ಸುಮಾರು 70,000 ಲೀಟರ್. ನಿಮಿಷಕ್ಕೆ 500 ಲೀಟರ್ ಎತ್ತುವ ಪಂಪು ಅದನ್ನು ಎರಡೂವರೆ ಗಂಟೆಯೊಳಗೆ ಖಾಲಿ ಮಾಡುತ್ತದೆ. ಅಷ್ಟಕ್ಕೇ ನಿಲ್ಲಿಸಿ. ಉಳಿದ ಹೊತ್ತು ಸಂದುಗಳಿಂದ ನೀರು ಜಿನುಗಲು ಬಿಡಿ. ಹೊಟ್ಟೆ ಬಿಟ್ಟ ಗೋಡೆ ಇದ್ದರೆ ದಿನಕ್ಕೆ ಅರ್ಧ ಅಡಿ ಸಾಕು, ಬೆಳಿಗ್ಗೆ ಸಂಜೆ ತೂಗುಗುಂಡಿನ ಗುರುತು ನೋಡುತ್ತಿರಿ. ಕಾಲಿಂಚು ಕದಲಿದರೂ ಪಂಪು ನಿಲ್ಲಲಿ. ಪಂಪಿನ ಹೀರುಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಮೀನು ಆಮೆಗಳನ್ನು ಡ್ರಮ್ಮುಗಳಲ್ಲಿ ಊರ ಕೆರೆಗೆ ಸಾಗಿಸಿ.

ಹೂಳು ತೆಗೆಯುವುದು

ಜೆಸಿಬಿಯನ್ನು ಕಲ್ಯಾಣಿಯೊಳಗೆ ಇಳಿಸುವುದು ಎಷ್ಟೇ ಆಸೆ ಹುಟ್ಟಿಸಿದರೂ ಬೇಡ. ಅದರ ಭಾರಕ್ಕೆ ಮೆಟ್ಟಿಲು ಕದಲುತ್ತದೆ, ಬಕೆಟ್ಟಿನ ಹಲ್ಲು ಕಲ್ಲಿನ ಮೂಲೆ ಮುರಿಯುತ್ತದೆ, ತಳದ ಸೆಲೆಯ ಬಾಯಿ ತುಳಿತಕ್ಕೆ ಮುಚ್ಚುತ್ತದೆ. ಯಂತ್ರ ಬೇಕೇ ಬೇಕೆಂದರೆ ಹೊರಗೆ ನಿಲ್ಲಲಿ. ಕಲ್ಯಾಣಿ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಅಂಚಿನಿಂದ ಹಿಂದೆ ಇರಬೇಕು, ಉದ್ದ ತೋಳಿನ ಕ್ರೇನು ಬಕೆಟ್ಟನ್ನಷ್ಟೇ ಎತ್ತಬೇಕು.

ಕೆಲಸ ನಡುವಿನಿಂದ ಶುರುವಾಗಿ ಗೋಡೆಗಳ ಕಡೆಗೆ ಸಾಗಲಿ. ಗೋಡೆಯ ಬುಡದ ಹೂಳು ಎಷ್ಟೋ ಕಡೆ ಸಡಿಲವಾದ ಕೆಳಸಾಲಿಗೆ ಆಸರೆಯಾಗಿರುತ್ತದೆ. ಅದನ್ನು ಒಂದೇ ಸಲ ಬಗೆದು ತೆಗೆಯದೆ ಹತ್ತು ಅಡಿ ಉದ್ದದ ತುಂಡುಗಳಾಗಿ ತೆಗೆಯಿರಿ, ಬುಡದ ಕಲ್ಲು ಗಟ್ಟಿಯಿದೆಯೇ ನೋಡಿ, ಆಮೇಲೆ ಮುಂದಿನ ತುಂಡು. ಕೆಸರಿನ ಮೇಲೆ ಓಡಾಡಲು ಹಲಗೆ ಹಾಕಿ. ಎಂಟು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ ಎಲ್ಲರೂ ಬರುತ್ತಾರೆ, ಮಕ್ಕಳನ್ನೂ ಹಿರಿಯರನ್ನೂ ದಡದ ಮೇಲಿನ ಕೆಲಸಕ್ಕೆ ನಿಲ್ಲಿಸಿ.

ತಳದ ಕೊನೆಯ ಒಂದೂವರೆ ಅಡಿಯನ್ನು ಕೈಯಲ್ಲೇ ತೆಗೆದು ಜರಡಿ ಹಿಡಿಯಬೇಕು. ಒಡೆದ ಮೂರ್ತಿ, ಶಾಸನದ ತುಂಡು, ನಾಣ್ಯ, ಜಾರಿ ಬಿದ್ದ ಮೆಟ್ಟಿಲು ಕಲ್ಲು ಸಿಗುವುದು ಅಲ್ಲೇ. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಿಕ್ಕ ಜಾಗದಲ್ಲೇ ಫೋಟೊ ತೆಗೆದು, ಎಲ್ಲರೆದುರು ಮಹಜರು ಬರೆದು, ಪಂಚಾಯಿತಿಯ ಮೂಲಕ ಒಪ್ಪಿಸಿ.

ಹಳೆಯ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ, ರೈತರು ತಾವೇ ಟ್ರ್ಯಾಕ್ಟರ್ ತರುತ್ತಾರೆ. ಚರಂಡಿ ನೀರು ಸೇರಿದ್ದ, ಪ್ಲಾಸ್ಟಿಕ್ ಬೆರೆತ ಹೂಳನ್ನು ಮಾತ್ರ ಹೊಲಕ್ಕೆ ಕೊಡಬೇಡಿ. ಕಲ್ಯಾಣಿಯ ದಡದಲ್ಲೇ ಗುಡ್ಡೆ ಹಾಕುವುದಂತೂ ಬೇಡವೇ ಬೇಡ: ಭಾರಕ್ಕೆ ಗೋಡೆ ಕದಲುತ್ತದೆ, ಮೊದಲ ಮಳೆಗೆ ಅಷ್ಟೂ ಮಣ್ಣು ವಾಪಸ್ಸು ಬರುತ್ತದೆ.

ಬೇರು

ಅರಳಿ, ಅತ್ತಿ, ಆಲದ ಗಿಡಗಳನ್ನು ಕಿತ್ತು ಎಳೆಯಬೇಡಿ. ಬೆರಳು ಗಾತ್ರದ ಬೇರು ಕೂಡ ಹಿಂದೆ ನಾಲ್ಕು ಕಲ್ಲುಗಳನ್ನು ತಬ್ಬಿರುತ್ತದೆ, ಎಳೆದರೆ ನಾಲ್ಕೂ ಬರುತ್ತವೆ. ಬುಡಕ್ಕೆ ಕತ್ತರಿಸಿ, ಹದಿನೈದು ದಿನಕ್ಕೊಮ್ಮೆ ಚಿಗುರು ಚಿವುಟುತ್ತಾ ಬನ್ನಿ. ಎಲೆಯಿಲ್ಲದ ಬೇರು ತಿಂಗಳುಗಳಲ್ಲಿ ಸೊರಗುತ್ತದೆ. ದಪ್ಪ ಬೇರನ್ನು ಆ ಭಾಗದ ಕಲ್ಲು ಬಿಚ್ಚಿದಾಗ ಮಾತ್ರ ತುಂಡು ತುಂಡಾಗಿ ತೆಗೆಯಿರಿ. ಉಪ್ಪು ಸುರಿಯುವುದು, ಆಸಿಡ್ ಹಾಕುವುದು ಎರಡೂ ಕಲ್ಲಿಗೆ ಕೇಡು. ಕಳೆನಾಶಕ ನೀರಿಗೆ ಸೇರುತ್ತದೆ. ಅರಳಿ ಗಿಡ ಕಡಿಯಲು ಹಿರಿಯರು ಹಿಂಜರಿದರೆ ಚಿಕ್ಕ ಸಸಿಗಳನ್ನು ಬೇರು ಸಮೇತ ಕೆರೆ ಏರಿಯ ಹತ್ತಿರದ ಬಯಲಿನಲ್ಲಿ ನೆಡುವ ಏರ್ಪಾಡು ಮಾಡಿ. ಕಲ್ಯಾಣಿಯ ಅಂಚಿನಿಂದ ನೂರಡಿಯಾದರೂ ದೂರವಿರಲಿ.

ಕಲ್ಲು ಬಿಚ್ಚಿ ಮತ್ತೆ ಕೂರಿಸುವುದು

ಹಂಪಿಯಲ್ಲಿ ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಗೆ ಹೋದವರು ಕಪ್ಪು ಕಲ್ಲುಗಳ ಮೇಲೆ ಸಣ್ಣ ಗುರುತುಗಳನ್ನು ಕಂಡಿರಬಹುದು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಆ ಪುಷ್ಕರಣಿಯಲ್ಲಿ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂದು ಕಟ್ಟಿದವರೇ ಕೆತ್ತಿಟ್ಟಿದ್ದಾರೆ. ನೀವು ಮಾಡಬೇಕಾದದ್ದೂ ಅದನ್ನೇ, ಕೆತ್ತದೆ. ಸೀಮೆಸುಣ್ಣದಲ್ಲಿ «ಪೂ 4-7» ಎಂದು ಬರೆಯಿರಿ: ಪೂರ್ವ ದಿಕ್ಕು, ಕೆಳಗಿನಿಂದ ನಾಲ್ಕನೇ ಸಾಲು, ಎಡದಿಂದ ಏಳನೇ ಕಲ್ಲು. ಸೀಮೆಸುಣ್ಣ ಮಳೆಗೆ ಅಳಿಯುತ್ತದೆ, ಆದ್ದರಿಂದ ಅದೇ ಸಂಖ್ಯೆಯ ತಗಡಿನ ಬಿಲ್ಲೆಯನ್ನು ಹುರಿಯಲ್ಲಿ ಕಟ್ಟಿ. ಆಯಿಲ್ ಪೇಂಟು ಬೇಡ, ಅದು ಹೋಗುವುದಿಲ್ಲ.

ಬಿಚ್ಚುವುದು ಆದಷ್ಟು ಕಡಿಮೆ ಇರಲಿ. ಒಂದೆರಡು ಇಂಚು ಹೊಟ್ಟೆ ಬಿಟ್ಟಿದ್ದು ವರ್ಷಗಳಿಂದ ಕದಲದ ಗೋಡೆಯನ್ನು ಹಾಗೇ ಬಿಡುವುದು ಒಳ್ಳೆಯದು. ಕದಲುತ್ತಿರುವ ಕಡೆ ಮಾತ್ರ, ಎರಡೂ ಪಕ್ಕ ಎರಡೆರಡು ಅಡಿ ಹೆಚ್ಚು ಸೇರಿಸಿ, ಮೇಲಿನ ಸಾಲಿನಿಂದ ಕೆಳಕ್ಕೆ ಬಿಚ್ಚುತ್ತಾ ಬನ್ನಿ.

ಕಲ್ಲಿನ ತೂಕ ಕಣ್ಣಿಗೆ ಕಾಣುವುದಿಲ್ಲ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕಿಲೋ. ಆರು ಅಡಿ ಉದ್ದ, ಒಂದಡಿ ಅಗಲ, ಒಂಬತ್ತು ಇಂಚು ದಪ್ಪದ ಸಾಮಾನ್ಯ ಮೆಟ್ಟಿಲು 340 ಕಿಲೋ ತೂಗುತ್ತದೆ. ಇದನ್ನು ಹೆಗಲು ಕೊಟ್ಟು ಎತ್ತಲು ಹೋಗಿ ಬೆರಳು ಜಜ್ಜಿಕೊಂಡವರು ಎಲ್ಲ ಊರಲ್ಲೂ ಸಿಗುತ್ತಾರೆ. ಮೂರು ಕಾಲಿನ ಕಬ್ಬಿಣದ ಆಸರೆಗೆ ಒಂದು ಟನ್ ಸಾಮರ್ಥ್ಯದ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ನೇತುಹಾಕಿ, ಅಗಲವಾದ ನೈಲಾನ್ ಬೆಲ್ಟಿನಿಂದ ಎತ್ತಿ. ಉಕ್ಕಿನ ಹಗ್ಗ ಕಲ್ಲಿನ ಅಂಚು ಚಕ್ಕೆ ಏಳಿಸುತ್ತದೆ. ಹಾರೆಯಿಂದ ಮೀಟುವಾಗ ನಡುವೆ ಮರದ ತುಂಡು ಇಡಿ. ಈ ಕೆಲಸಕ್ಕೆ ಕೂಲಿ ಕೊಟ್ಟು ಅನುಭವಿ ಕಲ್ಲು ಕೆಲಸದವರನ್ನೇ ಕರೆಸಿ, ಸ್ವಯಂಸೇವಕರು ಅವರ ಮಾತಿನಂತೆ ಕೈಜೋಡಿಸಲಿ. ದುಡ್ಡು ಉಳಿಸಬೇಕಾದ ಜಾಗ ಇದಲ್ಲ.

ಕೂರಿಸುವಾಗ ಬುಡದ ಸಾಲೇ ಎಲ್ಲ. ಮೇಲಿನ ಮೆಟ್ಟಿಲಿನ ಮುಂಭಾಗ ಕೆಳಗಿನ ಮೆಟ್ಟಿಲಿನ ಹಿಂಭಾಗವನ್ನು ಒತ್ತಿ ಹಿಡಿಯುವಂತೆ ಕಟ್ಟಿರುತ್ತಾರೆ. ಆದ್ದರಿಂದ ಕೆಳಗಿನದು ಜರುಗಿದರೆ ಮೇಲಿನ ಸಾಲೆಲ್ಲ ಜರುಗುತ್ತದೆ. ಬುಡದಡಿಯ ಮಣ್ಣು ಕೊಚ್ಚಿಹೋಗಿದ್ದರೆ ಗಟ್ಟಿ ನೆಲ ಸಿಗುವವರೆಗೆ ತೆಗೆದು, ದಪ್ಪ ಕಲ್ಲು ಬಿಗಿಯಾಗಿ ಜೋಡಿಸಿ, ಆಮೇಲೆ ಮೊದಲ ಸಾಲು ಇಡಿ. ಪ್ರತಿ ಸಾಲಿಗೂ ರಸಮಟ್ಟ ಹಿಡಿಯಿರಿ. ಮೆಟ್ಟಿಲ ಮೇಲೆ ನೀರು ನಿಲ್ಲದಂತೆ ಅಡಿಗೆ ಕಾಲಿಂಚಿನಷ್ಟು ಮುಂದಕ್ಕೆ ಇಳಿಜಾರು ಸಾಕು. ನೇರ ಗೋಡೆಯಾದರೆ ಪಕ್ಕದ ಕೆಡದ ಭಾಗ ಎಷ್ಟು ಹಿಂದಕ್ಕೆ ವಾಲಿದೆ ಎಂದು ಅಳೆದು ಅದನ್ನೇ ಅನುಸರಿಸಿ. ಗೋಡೆಯ ಒಳಕ್ಕೆ ಉದ್ದವಾಗಿ ಚಾಚಿಕೊಂಡಿದ್ದ ಕಲ್ಲುಗಳನ್ನು ಅದೇ ರೀತಿ ಚಾಚಿಯೇ ಇಡಬೇಕು. ಉದ್ದ ಮುಖ ಚೆನ್ನಾಗಿ ಕಾಣುತ್ತದೆಂದು ಅಡ್ಡಡ್ಡ ಮಲಗಿಸಿದರೆ ಗೋಡೆಗೆ ಹಿಡಿತವೇ ಇರುವುದಿಲ್ಲ.

ಹಿಂಬದಿ ತುಂಬುವುದರಲ್ಲಿ ಆಗುವ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಡೆ ಮಾತ್ರ ಎರಡನೇ ಮಳೆಗಾಲಕ್ಕೆ ಬೀಳುತ್ತದೆ. ಗೋಡೆಗೆ ಹೊಂದಿಕೊಂಡು ಕೈಹಿಡಿಯಷ್ಟು ದಪ್ಪದ ಕಲ್ಲು, ಅದರ ಹಿಂದೆ 40 ಎಂಎಂ ಜಲ್ಲಿ, ಅದರ ಹಿಂದೆ 20 ಎಂಎಂ, ಆಮೇಲೆ ದಪ್ಪ ಮರಳು, ಕೊನೆಗೆ ಮಣ್ಣು. ಹೀಗೆ ದಪ್ಪದಿಂದ ಸಣ್ಣಕ್ಕೆ ಹೋದರೆ ನೀರು ಬರುತ್ತದೆ, ಮಣ್ಣು ಅಲ್ಲೇ ಉಳಿಯುತ್ತದೆ. ಮಣ್ಣನ್ನೇ ನೇರವಾಗಿ ಗೋಡೆಗೆ ತುಂಬಿದರೆ ಅದು ಸಂದಿನಿಂದ ಸೋರಿ ಹಿಂದೆ ಪೊಳ್ಳು ಬಿಡುತ್ತದೆ. ಅರ್ಧ ಅಡಿಗೊಮ್ಮೆ ತುಂಬಿ ದಿಮ್ಮಿಸಿ ಬಡಿಯಿರಿ. ಸಂದುಗಳಿಗೆ ಚಿಕ್ಕ ಚಕ್ಕೆಕಲ್ಲು ಬಿಗಿದರೆ ಸಾಕು.

ಗಾರೆ ಬೇಕಾದ ಕಡೆ

ಕೈಪಿಡಿ ಗೋಡೆ, ಮಂಟಪದ ಮಾಳಿಗೆ, ಸುತ್ತಲ ಪುಟ್ಟ ಗುಡಿಗಳಲ್ಲಿ ಸುಣ್ಣದ ಗಾರೆ ಇದ್ದಿರಬಹುದು. ಹಳೇಬೀಡಿನ ಬಳಿಯ ಹುಲಿಕೆರೆ, ಲಕ್ಕುಂಡಿಯ ಮುಸುಕಿನ ಬಾವಿಗಳಂತೆ ಮೆಟ್ಟಿಲುಗಳ ನಡುವೆ ಗೂಡುಗುಡಿಗಳಿರುವ ಕಡೆ ಇನ್ನೂ ಎಚ್ಚರ ಬೇಕು, ಅಲ್ಲಿ ಸಂರಕ್ಷಣಾ ತಜ್ಞರಿಲ್ಲದೆ ಮುಂದುವರಿಯಬೇಡಿ. ಹಳೆಯ ಗಾರೆಯ ಚೂರನ್ನು ವಿನೆಗರಿನಲ್ಲಿ ಹಾಕಿ ನೋಡಿ. ನೊರೆ ಬಂದರೆ ಸುಣ್ಣ ಇದೆ, ಕೊನೆಗೆ ತಳದಲ್ಲಿ ಉಳಿದದ್ದನ್ನು ನೋಡಿ ಎಂಥ ಮರಳು, ಇಟ್ಟಿಗೆ ಪುಡಿ ಇದೆಯೇ ಎಂದು ತಿಳಿಯಬಹುದು.

ಸುಣ್ಣ ಅರಳಿಸುವಾಗ ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಟ್ಟ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ ಕಡ್ಡಾಯ. ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಜರಡಿ ಹಿಡಿದ ಸುಣ್ಣ ನೀರಿನಡಿ ಕನಿಷ್ಠ ಮೂರು ವಾರ ಹಣ್ಣಾಗಬೇಕು, ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದ ಕಾಳು ಉಳಿದರೆ ಗೋಡೆಯಲ್ಲಿ ಆಮೇಲೆ ಅರಳಿ ಗಾರೆಯನ್ನು ಸಿಡಿಸುತ್ತದೆ.

ಒಣ ಜಾಗಕ್ಕೆ ಸುಣ್ಣ 1, ಮರಳು 3. ತೇವ ಇರುವಲ್ಲಿ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಮರಳು 2. ಬರೀ ಸುಣ್ಣ ಗಾಳಿಯಿಲ್ಲದೆ ಗಟ್ಟಿಯಾಗುವುದಿಲ್ಲ, ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ ಸೇರಿದರೆ ತೇವದಲ್ಲೂ ಹಿಡಿಯುತ್ತದೆ. ಬೆಲ್ಲ ಮತ್ತು ಅಳಲೆಕಾಯಿ ನೀರು ಬೆರೆಸುವ ಪದ್ಧತಿ ನಿಮ್ಮ ಕಡೆಯ ಹಳೆಯ ಗಾರೆ ಕೆಲಸದವರಿಗೆ ಗೊತ್ತಿದ್ದರೆ ಅವರ ಪ್ರಮಾಣದಂತೆ ಮೊದಲು ಮೂಲೆಯಲ್ಲೊಂದು ಅಡಿ ಹಚ್ಚಿ ಪರೀಕ್ಷಿಸಿ. ಹಚ್ಚಿದ ಮೇಲೆ ಎರಡು ವಾರ ಹಸಿ ಗೋಣಿತಾಟು ಹೊದಿಸಿಡಿ. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಮರುದಿನವೇ ಬಿರುಕು.

ಶಾಸನ, ಶಿಲ್ಪಗಳಿಗೆ ನೀರು ಮತ್ತು ಮೃದು ನೈಲಾನ್ ಬ್ರಷ್ ಬಿಟ್ಟು ಬೇರೇನೂ ತಾಕಬಾರದು. ತಂತಿ ಬ್ರಷ್ಷು, ಆಸಿಡ್ಡು, ಮರಳು ಸಿಡಿಸುವ ಯಂತ್ರ ಅಕ್ಷರಗಳನ್ನೇ ಅಳಿಸುತ್ತವೆ.

ನೀರು ಬರುವ ದಾರಿ

ಕೆರೆಯ ಕೋಡಿಯಿಂದಲೋ ಗುಡ್ಡದ ಇಳಿಜಾರಿನಿಂದಲೋ ಬರುತ್ತಿದ್ದ ಕಾಲುವೆಯನ್ನು ಹುಡುಕಿ ಬಿಡಿಸಿ. ಒಳಹರಿವಿನ ಬಾಯಿಗೆ ಮುಂಚೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಹೂಳುಗುಂಡಿ ತೋಡಿ, ಮುಂದೆ ಕಬ್ಬಿಣದ ಜಾಲರಿ ಇಡಿ. ಮೊದಲ ಮಳೆಯ ಕೊಳೆನೀರನ್ನು ಪಕ್ಕಕ್ಕೆ ತಿರುಗಿಸಲು ಒಂದು ಹಲಗೆ ಬಾಗಿಲು ಇರಲಿ. ಊರ ಚರಂಡಿ ಈ ಕಾಲುವೆಗೆ ಸೇರುತ್ತಿದ್ದರೆ ಅದನ್ನು ಬೇರ್ಪಡಿಸುವವರೆಗೆ ಕಲ್ಯಾಣಿಗೆ ನೀರು ಬಿಡಬೇಡಿ. ಬಟ್ಟೆ ಒಗೆಯುವ ಕಲ್ಲನ್ನು ಹೊರಗೆ, ಬೇರೆ ಮೋರಿಯೊಂದಿಗೆ ಹಾಕಿಸಿ. ಜಾಗ ಕೊಡದೆ ಬರೀ ಬೋರ್ಡು ಹಾಕಿದರೆ ಯಾರೂ ಕೇಳುವುದಿಲ್ಲ. ಹಬ್ಬದ ಗಣಪತಿ ವಿಸರ್ಜನೆಗೂ ಪ್ರತ್ಯೇಕ ತೊಟ್ಟಿ ಬೇಕು.

ಸೊಳ್ಳೆಗೆಂದು ಗ್ಯಾಂಬೂಸಿಯಾ ಮೀನು ತಂದು ಬಿಡಬೇಡಿ, ಅದು ಹೊರದೇಶದ್ದು, ನಮ್ಮ ಮೀನು ಕಪ್ಪೆಗಳ ಮರಿ ತಿನ್ನುತ್ತದೆ. ಮೊದಲು ಸಾಗಿಸಿದ್ದ ಊರ ಕೆರೆಯ ಸಣ್ಣ ಮೀನುಗಳನ್ನೇ ವಾಪಸ್ಸು ತನ್ನಿ.

ಮೊದಲ ಮಳೆಗಾಲ

ದೊಡ್ಡ ಮಳೆ ನಿಂತ ಮರುದಿನ ಬೆಳಿಗ್ಗೆ ಇಬ್ಬರು ಸುತ್ತಲೂ ನಡೆದು ಸಂದುಗಳನ್ನು ನೋಡಲಿ. ತಿಳಿನೀರು ಜಿನುಗುತ್ತಿದ್ದರೆ ಎಲ್ಲ ಸರಿಯಾಗಿದೆ. ಕೆಂಪಗೆ ಕದಡಿದ ನೀರು ಬರುತ್ತಿದ್ದರೆ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆ ಸಂದಿನ ಸಂಖ್ಯೆ ಬರೆದಿಟ್ಟುಕೊಂಡು, ನೇರ ಮೇಲ್ಗಡೆ ದಡದಲ್ಲಿ ನೆಲ ಕುಗ್ಗಿದೆಯೇ ನೋಡಿ. ಕುಗ್ಗಿದ್ದರೆ ಸದ್ಯಕ್ಕೆ ಮೇಲಿನ ನೀರು ಅಲ್ಲಿಗೆ ಹರಿಯದಂತೆ ಬದು ಹಾಕಿ, ಆ ಭಾಗದ ಹಿಂಬದಿಯನ್ನು ಬೇಸಿಗೆಯಲ್ಲಿ ಬಿಚ್ಚಿ ಮತ್ತೆ ತುಂಬಬೇಕು. ಏನೇ ಆದರೂ ಸಂದಿಗೆ ಸಿಮೆಂಟು ಮೆತ್ತಬೇಡಿ.

ಒಂದು ಮೂಲೆಯಲ್ಲಿ ಅಡಿ ಗುರುತು ಹಾಕಿದ ಕೋಲು ನಿಲ್ಲಿಸಿ, ಪ್ರತಿ ಸೋಮವಾರ ನೀರಿನ ಮಟ್ಟ ಬರೆದಿಡಿ. ಈ ಕೆಲಸಕ್ಕೆ ಊರ ಶಾಲೆಯ ಮಕ್ಕಳು ಸಾಕು. ಹೂಳುಗುಂಡಿಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಸಂದಿನ ಸಸಿಗಳನ್ನು ದೀಪಾವಳಿ ಮತ್ತು ಯುಗಾದಿಗೆ ಮುಂಚೆ ತೆಗೆಯಿರಿ. ಕುಡಿಯಲು ಬಳಸುವ ಮಾತು ಬಂದರೆ ಮೊದಲು ಪಂಚಾಯಿತಿಯ ಮೂಲಕ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಮುಂದಿನ ಸಂಕ್ರಾಂತಿಗೆ ತೂಗುಗುಂಡನ್ನು ಅದೇ ಗುರುತುಗಳಲ್ಲಿ ಮತ್ತೆ ಇಳಿಬಿಟ್ಟು, ಹಿಂದಿನ ವರ್ಷದ ಅಳತೆಯ ಪಕ್ಕದಲ್ಲೇ ಹೊಸ ಅಳತೆ ಬರೆಯಿರಿ.